ಹಾಳಾಗದ ಹಾರ್ಮೋನಿಯಂ

ನಮ್ಮ ಮನೆಯಲ್ಲಿ ತಪ್ಪಿಗೆ ಎರಡು ಕಾನೂನುಗಳಿದ್ದವು. ಅವೆರಡಕ್ಕೂ ಒಂದಕ್ಕೊಂದು ಮಾತುಕತೆ ಇರಲಿಲ್ಲ. ಮನೆಯೊಳಗೆ ಹಾಡುವಾಗ ತಪ್ಪಿದರೆ ಅಲ್ಲೇ ನಿಲ್ಲಿಸಬೇಕು, ಮೊದಲಿನಿಂದ ಶುರುಮಾಡಬೇಕು. ಭಜನಾ ಮಂದಿರದಲ್ಲಿ ತಪ್ಪಿದರೆ ಏನೇ ಆದರೂ ನಿಲ್ಲಿಸಬಾರದು. ಎರಡೂ ಕಾನೂನು ಮಾಡಿದವರು ಒಬ್ಬರೇ, ನನ್ನ ಅಪ್ಪ. ಅಪ್ಪ ಕಡಬ ಪೇಟೆಯಲ್ಲಿ ಟೈಲರ್. ಹೊಲಿಗೆ ಒಂದು ನೂಲಿನಷ್ಟು ಓರೆಯಾದರೂ ಬ್ಲೇಡು ತೆಗೆದು ಬಿಚ್ಚಿ ಮತ್ತೆ ಹೊಲಿಯುವ ಜನ. ಅದೇ ಬುದ್ಧಿಯನ್ನು ಹಾಡಿಗೂ ಹಚ್ಚಿದ್ದರು. ಸಂಜೆ ನಾವು ಭಜನೆಗೆ ಅಭ್ಯಾಸ ಮಾಡಲು ಕೂತಾಗ ಸ್ವರ ಕೊಂಚ ಜಾರಿದರೆ ಸಾಕು, ಹಾರ್ಮೋನಿಯಂನ ಮೇಲಿಂದ ಕೈಯೆತ್ತಿ ಒಂದೇ ಮಾತು ಹೇಳುತ್ತಿದ್ದರು: "ಬಿಚ್ಚು." ನಾನು ಬಿಚ್ಚುತ್ತಿದ್ದೆ. ಎಷ್ಟೋ ಸಂಜೆ ಒಂದು ಪಲ್ಲವಿ ದಾಟಿ ಚರಣಕ್ಕೆ ಹೋಗುವಷ್ಟರಲ್ಲಿ ಅಮ್ಮ ಊಟಕ್ಕೆ ಕರೆಯುತ್ತಿದ್ದಳು.

ಮನೆ ಎಂದರೆ ಪೇಟೆ ರಸ್ತೆಗೆ ಮುಖ ಮಾಡಿದ ಅಂಗಡಿ, ಅದರ ಹಿಂದೆ ಒಂದು ಕೋಣೆ, ಕೋಣೆಯ ಹಿಂದೆ ಅಡುಗೆಮನೆ. ಮಲಗುವುದು, ಉಣ್ಣುವುದು, ಜಗಳವಾಡುವುದು, ಹಾಡುವುದು ಎಲ್ಲವೂ ಆ ನಡುವಿನ ಕೋಣೆಯಲ್ಲೇ. ಮುಂದಿನಿಂದ ಮೆಷಿನ್ನಿನ ಸದ್ದು, ಹಿಂದಿನಿಂದ ಅಮ್ಮ ಕಾಯಿ ತುರಿಯುವ ಸದ್ದು, ರಸ್ತೆಯಿಂದ ಹಳ್ಳಿಗಳಿಗೆ ಜನ ತುಂಬುವ ಜೀಪಿನವರ ಕೂಗು. ಎಲ್ಲಕ್ಕಿಂತ ಹೆಚ್ಚಾಗಿ ಮನೆ ತುಂಬ ನೂಲು. ತಲೆಗೂದಲಲ್ಲಿ ನೂಲು, ಹಾಸಿಗೆಯಲ್ಲಿ ನೂಲು, ಗಂಜಿಯಲ್ಲೂ ಒಮ್ಮೊಮ್ಮೆ ಒಂದು ಕೆಂಪು ಎಳೆ ತೇಲುತ್ತಿತ್ತು. ಅದನ್ನು ಬೆರಳಲ್ಲಿ ತೆಗೆದು ಬಟ್ಟಲ ಅಂಚಿಗೆ ಅಂಟಿಸಿ ಉಂಡು ಮುಗಿಸುವುದು ನಮಗೆ ಅಭ್ಯಾಸ. "ನೂಲಿಲ್ಲದ ಗಂಜಿ ಬೇಕಾದ್ರೆ ಮೇಷ್ಟ್ರ ಮನೆಗೆ ಹೋಗಿ ಹುಟ್ಬೇಕಿತ್ತು" ಎನ್ನುತ್ತಿದ್ದಳು ಅಮ್ಮ. ಹಾರ್ಮೋನಿಯಂ ಇದ್ದದ್ದು ನಡುಕೋಣೆಯ ಟ್ರಂಕಿನ ಮೇಲೆ. ಅಪ್ಪ ಬಟ್ಟೆ ಕತ್ತರಿಸಲು ಶುರುಮಾಡುವ ಮೊದಲು ಅದರ ಮೇಲೆ ಹಳೆಯ ಪರದೆಯ ತುಂಡೊಂದನ್ನು ಹೊದೆಸುವುದು ನನ್ನ ಕೆಲಸ. ಬಟ್ಟೆಯ ಧೂಳು, ನೂಲು ಒಳಗೆ ಹೊಕ್ಕರೆ ಸ್ವರ ಹೊರಡಿಸುವ ರೀಡು ಹಾಳಾಗುತ್ತದೆ ಎಂದು ಅಪ್ಪ ಹೆದರಿಸಿಟ್ಟಿದ್ದರು. ಅದನ್ನು ನುಡಿಸಲು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ಹೊದೆಸುವುದು ನನ್ನ ಪಾಲು, ನುಡಿಸುವುದು ಅವರ ಪಾಲು.

ಹಾಡುವುದು ಲೀಲತ್ತೆಯ ಪಾಲು. ಲೀಲತ್ತೆ ಅಪ್ಪನ ಅಕ್ಕ, ಮದುವೆಯಾಗದೆ ನಮ್ಮೊಡನೆಯೇ ಉಳಿದವಳು. ಹಗಲಿಡೀ ಬಾಗಿಲ ಬಳಿ ಕೂತು ರವಿಕೆಗಳಿಗೆ ಕೈಹೊಲಿಗೆ ಹಾಕುವಳು, ಗುಂಡಿ ಹೊಲಿಯುವಳು. ಪೇಟೆಯವರಿಗೆ ಅವಳು ಟೈಲರನ ಅಕ್ಕ ಅಲ್ಲ, ಭಜನೆಯ ಲೀಲಕ್ಕ. ಆ ಹೆಸರು ಅವಳು ತಾನಾಗಿ ಗಳಿಸಿದ್ದು, ಅವಳಿಗೆ ಅಂತ ಇದ್ದದ್ದೂ ಅದೊಂದೇ. ಅಮ್ಮನಿಗೂ ಅವಳಿಗೂ ಅಡುಗೆಮನೆಯಲ್ಲಿ ಉಪ್ಪಿನ ವಿಷಯಕ್ಕೆ ದಿನವೂ ಯುದ್ಧ, ಆದರೆ ಸಂಜೆ ಅತ್ತೆ ಬಾಯಿ ತೆರೆದರೆ ಅಮ್ಮ ಸೌಟು ಕೆಳಗಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅತ್ತೆಯ ಶ್ರುತಿ ಕಪ್ಪು ನಾಲ್ಕು. ನಮ್ಮ ಕಡೆ ಶ್ರುತಿಯನ್ನು ಹಾರ್ಮೋನಿಯಂನ ಮನೆಯ, ಅಂದರೆ ಬೆರಳಲ್ಲಿ ಒತ್ತುವ ಪಟ್ಟಿಯ, ಹೆಸರಲ್ಲೇ ಹೇಳುವುದು, ಬಿಳಿ ಎರಡು, ಕಪ್ಪು ಮೂರು ಎಂದು. ಹೆಂಗಸರಲ್ಲಿ ಕಪ್ಪು ನಾಲ್ಕು ಹಿಡಿದು ಮೇಲಿನ ಸ ಮುಟ್ಟಿ ಅಲ್ಲೇ ನಿಲ್ಲುವವಳು ನಮ್ಮ ಪೇಟೆಯಲ್ಲಿ ಅವಳೊಬ್ಬಳೇ. ಅವಳು ಉಸಿರೆಳೆದುಕೊಳ್ಳುವಾಗ ಸಾಲು ಬೀಳದಂತೆ ಹಿಡಿಯುವುದು ಪಕ್ಕದಲ್ಲಿ ಕೂತ ನನ್ನ ಕೆಲಸ. ನನಗೆ ಆ ಕೆಲಸದ ಮೇಲೆ ಬಹಳ ಜಂಬ ಇತ್ತು.

ಭಜನಾ ಮಂದಿರದಲ್ಲಿ ವರ್ಷಕ್ಕೊಮ್ಮೆ ಅರ್ಧ ಏಕಾಹ ಭಜನೆ. ಬೆಳಿಗ್ಗೆ ಸೂರ್ಯ ಹುಟ್ಟುವಾಗ ದೀಪ ಹಚ್ಚಿ ಶುರುಮಾಡಿದ ಹಾಡು ಸಂಜೆ ಸೂರ್ಯ ಮುಳುಗುವವರೆಗೆ ಕಡಿಯಬಾರದು. ಪೆರಾಬೆ, ಆಲಂಕಾರು, ಸುತ್ತಲಿನ ಊರುಗಳಿಂದ ತಂಡಗಳು ಬರುತ್ತವೆ, ಪಾಳಿಯ ಮೇಲೆ ಹಾಡುತ್ತವೆ. ಒಂದು ತಂಡ ಏಳುವ ಮೊದಲೇ ಇನ್ನೊಂದು ತಂಡ ಪಕ್ಕದಲ್ಲಿ ಕೂತು ಅದೇ ಪಲ್ಲವಿಗೆ ದನಿಗೂಡಿಸಬೇಕು, ಆಮೇಲೆ ಹಳಬರು ಒಬ್ಬೊಬ್ಬರಾಗಿ ಎದ್ದು ಹೋಗಬೇಕು. ಯಾರಿಗಾದರೂ ಕೆಮ್ಮು ಬರಲಿ, ಸಾಲು ಮರೆಯಲಿ, ತಬಲದ ಚರ್ಮ ಹರಿಯಲಿ, ಕರೆಂಟು ಹೋಗಲಿ, ಹಾಡು ಮಾತ್ರ ನಿಲ್ಲಬಾರದು. ನಿಂತರೆ ಊರಿಗೆ ಒಳ್ಳೆಯದಲ್ಲ ಎಂಬ ಮಾತು. ಮನೆಯಲ್ಲಿ ದಿನವೂ "ಬಿಚ್ಚು" ಎನ್ನುವ ಅಪ್ಪ ಆ ಹೊಸಿಲು ದಾಟಿದ ಕೂಡಲೇ "ಬಿದ್ರೆ ಬಿದ್ದಲ್ಲಿಂದಲೇ ನಡೀಬೇಕು" ಎನ್ನುತ್ತಿದ್ದರು. ಹಾಗಾದರೆ ತಪ್ಪು ಎಂದರೆ ನಿಜವಾಗಿ ಎಂತದ್ದು ಎಂದು ನಾನೊಮ್ಮೆ ಕೇಳಿದ್ದಕ್ಕೆ, ದೊಡ್ಡವಳಾದ ಮೇಲೆ ಗೊತ್ತಾಗ್ತದೆ ಎಂದರು. ದೊಡ್ಡವಳಾಗಿ ಮುದುಕಿಯಾಗುತ್ತಾ ಬಂದೆ, ಇನ್ನೂ ಸರಿಯಾಗಿ ಗೊತ್ತಾಗಿಲ್ಲ.

ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದ ಒಂದು ವರ್ಷ ಲೀಲತ್ತೆಯ ಗಂಟಲಲ್ಲಿ ಗಡ್ಡೆ ಎದ್ದು, ಮಂಗಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಕುತ್ತಿಗೆಗೆ ಅಡ್ಡಲಾಗಿ ಹೊಲಿಗೆ. ಅಪ್ಪ ಅದನ್ನು ಹತ್ತಿರದಿಂದ ನೋಡಿ, ಹೊಲಿಗೆ ನೀಟಾಗಿ ಬಂದಿದೆ ಎಂದು ಡಾಕ್ಟರನ್ನು ಹೊಗಳಿದರು. ಸ್ವರ ಮೊದಲಿನ ಹಾಗೆ ಬರಬಹುದು, ಬಾರದೆಯೂ ಇರಬಹುದು ಎಂದಿದ್ದರಂತೆ ಡಾಕ್ಟರು. ತಿಂಗಳುಗಟ್ಟಲೆ ಅತ್ತೆ ಪಿಸುಮಾತಲ್ಲೇ ಕಳೆದಳು. ಸಂಜೆ ಹಾರ್ಮೋನಿಯಂಗೆ ಹೊದೆಸಿದ ಬಟ್ಟೆ ಹಾಗೇ ಇರುತ್ತಿತ್ತು. ಯಾರೂ ನನಗೆ "ಬಿಚ್ಚು" ಎನ್ನುತ್ತಿರಲಿಲ್ಲ, ಅದು ಸುಖವಾಗಬೇಕಿತ್ತು, ಆಗಲಿಲ್ಲ. ಏಕಾಹದ ದಿನ ಹತ್ತಿರ ಬಂದಾಗ ಅಪ್ಪ, ಅಮ್ಮ ಜಗಳವಾಡಿದರು.

"ಈ ಸರ್ತಿ ಅವಳನ್ನು ಕೂರಿಸುದು ಬೇಡ. ಎಲ್ಲರ ಎದುರಲ್ಲಿ ಸ್ವರ ಬಾರದಿದ್ರೆ ಮತ್ತೆ ಅವಳು ಬಾಗಿಲ ಹೊರಗೆ ಬರ್ಲಿಕ್ಕಿಲ್ಲ" ಎಂದಳು ಅಮ್ಮ.

"ಈ ಸರ್ತಿ ಕೂರದಿದ್ರೆ ಇನ್ನು ಯಾವಾಗಲೂ ಕೂರ್ಲಿಕ್ಕಿಲ್ಲ" ಎಂದರು ಅಪ್ಪ.

ಇಬ್ಬರು ಹೇಳಿದ್ದೂ ಸರಿಯೇ ಎಂದು ನನಗನಿಸಿತು. ಬಾಗಿಲ ಬಳಿ ಕೂತಿದ್ದ ಅತ್ತೆ ಸೂಜಿಗೆ ನೂಲು ಪೋಣಿಸಿ, ಹಲ್ಲಲ್ಲಿ ಕಡಿದು, ಕೇಳಿಯೂ ಕೇಳದ ಹಾಗೆ ಕೇಳಿದಳು: "ನಮ್ಮ ಪಾಳಿ ಮಧ್ಯಾಹ್ನದ್ದಲ್ವಾ?" ಅಲ್ಲಿಗೆ ಜಗಳ ಮುಗಿಯಿತು.

ಆ ಮಧ್ಯಾಹ್ನ ಮಂದಿರದಲ್ಲಿ ಮೈಕ್ ಹಚ್ಚಿದವರು ಹಮೀದಾಕ. ನಮ್ಮ ಅಂಗಡಿಯ ಪಕ್ಕದಲ್ಲೇ ಅವರ ಮೈಕ್ ಸೆಟ್ಟಿನ ಅಂಗಡಿ. ಮನೆಯಲ್ಲಿ ಬ್ಯಾರಿ ಭಾಷೆ, ನಮ್ಮೊಡನೆ ತುಳು, ಮೈಕಿನೊಡನೆ ಕನ್ನಡ, "ಹಲೋ ಹಲೋ, ಒಂದು ಎರಡು ಮೂರು." ಏಕಾಹದ ದಿನ ಅವರು ಬ್ಯಾಟರಿಯ ಪಕ್ಕದಿಂದ ಏಳುತ್ತಿರಲಿಲ್ಲ, ಊಟವೂ ಅಲ್ಲೇ. ಹಾಡು ಕಡಿಯಬಾರದು ಎಂಬ ಚಿಂತೆ ಭಜನೆಯವರಿಗಿಂತ ಅವರಿಗೇ ಹೆಚ್ಚು. ಪೇಟೆಯ ಎರಡು ತುದಿಗೂ ಲೌಡ್‌ಸ್ಪೀಕರ್ ಕಟ್ಟಿದ್ದರು, ಹಾಗಾಗಿ ಮಂದಿರದಲ್ಲಿ ಹಾಡಿದ್ದು ಮೀನು ಮಾರ್ಕೆಟಿಗೂ ಕೇಳುತ್ತಿತ್ತು. "ನಮ್ಮ ಮೈಕು ಒಳ್ಳೇದು ಟೈಲರ್ರೆ, ಅದರದ್ದು ಒಂದೇ ಕೆಟ್ಟ ಬುದ್ಧಿ. ಎಂತ ಕೇಳಿದ್ರೂ ಊರಿಡೀ ಹೇಳ್ತದೆ" ಎಂದು ನಗಾಡಿ ಅತ್ತೆಯ ಮುಂದಕ್ಕೆ ಅದನ್ನು ಸರಿಸಿದರು. ಅತ್ತೆ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದಳು. ಮೊದಲ ಎರಡು ಹಾಡು ಸಲೀಸಾಗಿ ಹೋದವು. ಸ್ವರ ಸ್ವಲ್ಪ ಒರಟಾಗಿತ್ತು, ಆದರೆ ಇತ್ತು. ಅಪ್ಪನ ಮುಖ ನೋಡಿದೆ, ಹುಬ್ಬು ಸಡಿಲಾಗಿತ್ತು.

ಮೂರನೆಯದು ಅವಳ ಹಾಡು, ಮೇಲಿನ ಸಕ್ಕೆ ಹೋಗಿ ನಿಲ್ಲುವ ಹಾಡು. ಅವಳು ಹತ್ತಿದಳು. ಹತ್ತಿದಲ್ಲಿ ಸ್ವರ ಇರಲಿಲ್ಲ. ಬರೀ ಗಾಳಿ, ಆಮೇಲೆ ಏನೋ ಸೀಳಿದ ಸದ್ದು, ಆಮೇಲೆ ಒಂದು ಕೆಳಗಿನ ಸ್ವರ. ಹಾರ್ಮೋನಿಯಂ ಮಾತ್ರ ಮೇಲೆ ನೆಟ್ಟಗೆ ನುಡಿಯುತ್ತಿತ್ತು. ಎರಡೂ ಒಟ್ಟಿಗೆ ಪೇಟೆಗೆಲ್ಲ ಕೇಳಿದವು. ನಾನು ಸಾಲು ಹಿಡಿಯಬೇಕು, ಅದೇ ನನ್ನ ಕೆಲಸ, ಆದರೆ ಅವಳು ಬಿದ್ದಲ್ಲಿ ಹಿಡಿಯಬೇಕೋ ಅಪ್ಪ ನಿಂತಲ್ಲಿ ಹಿಡಿಯಬೇಕೋ ಗೊತ್ತಾಗದೆ ಬಾಯಿ ತೆರೆದು ಕೂತೆ. ಹಿಂದಿನವರು ಪಲ್ಲವಿ ಎತ್ತಿಕೊಂಡರು. ಆಗ ಅಪ್ಪ ಹಾರ್ಮೋನಿಯಂನಿಂದ ಎರಡೂ ಕೈ ತೆಗೆದು, ಗಾಳಿ ತುಂಬುವ ತಿದಿ ಮುಚ್ಚಿ ಕೊಕ್ಕೆ ಹಾಕಿ, ಮೈಕಿಗೆ ಕೇಳುವ ಹಾಗೆ ಹಮೀದಾಕನಿಗೆ ಕೂಗಿ ಹೇಳಿದರು:

"ಹಾರ್ಮೋನಿಯಂ ಕೈಕೊಟ್ಟಿತು ಮಾರಾಯ್ರೆ! ಮೇಲಿನ ಸ ಶ್ರುತಿ ತಪ್ಪಿ ನುಡೀತಾ ಉಂಟು. ಅಕ್ಕಾ, ತಾಳದಲ್ಲೇ ಹೋಗುವಾ."

ಹಾರ್ಮೋನಿಯಂ ಸುಮ್ಮನಾದ ಮೇಲೆ ಶ್ರುತಿ ಹೇಳುವವರು ಯಾರೂ ಇರಲಿಲ್ಲ. ಅತ್ತೆ ತನಗೆ ಎಟಕುವ ಕಡೆಗೆ ಇಳಿದು ಅಲ್ಲಿಂದ ಹಾಡಿದಳು. ತಾಳ, ತಬಲ, ಅವಳ ಒರಟು ಸ್ವರ. ನಾನು ಹಿಂದಿನಿಂದ ಸೇರಿಕೊಂಡೆ. ಹಾಡು ಕಡಿಯಲಿಲ್ಲ. ಪಾಳಿ ಮುಗಿಸಿ ಎದ್ದಾಗ ಹೆಂಗಸರು ಬಂದು ಅವಳ ಕೈ ಹಿಡಿದು, ಹಾರ್ಮೋನಿಯಂ ಹಾಳಾಗದಿದ್ದರೆ ಇನ್ನೂ ಲಾಯ್ಕಾಗುತ್ತಿತ್ತು ಎಂದರು. ಅತ್ತೆ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ಹಲ್ಲು ಕಾಣುವಂತೆ ನಕ್ಕದ್ದು. ಹಮೀದಾಕ ಬ್ಯಾಟರಿಯ ಪಕ್ಕದಿಂದಲೇ ಹೇಳಿದರು: "ನನ್ನ ಹತ್ರ ಸಾಮಾನು ಉಂಟು ಟೈಲರ್ರೆ. ನಾಳೆ ಬೆಳಿಗ್ಗೆ ಬಂದು ಬಿಚ್ಚಿ ನೋಡ್ತೇನೆ." ಅಪ್ಪ ಬೇಡ ಬೇಡ ಎಂದರು. ಅದೆಂತ ದಾಕ್ಷಿಣ್ಯ, ನೆರೆಕರೆಯವರಲ್ವಾ ಎಂದು ಅವರು ಬಿಡಲಿಲ್ಲ.

ಮನೆಗೆ ಬಂದು ಚಹಾ ಕುಡಿಯುವಾಗ ಅಪ್ಪ ಇದ್ದಕ್ಕಿದ್ದಂತೆ ನನ್ನ ಮೇಲೆ ಹರಿಹಾಯ್ದರು.

"ನಿನ್ನೆ ಹೊದೆಸ್ಲಿಲ್ಲ ನೀನು. ನೂಲು ಹೊಕ್ಕಿದೆ ಒಳಗೆ. ಒಂದು ಕೆಲಸ ಹೇಳಿದ್ರೆ ಆಗುದಿಲ್ಲ ನಿನ್ನಿಂದ!"

"ಹೊದೆಸಿದ್ದೆ ಅಪ್ಪ."

"ಎದುರು ಮಾತಾಡ್ಬೇಡ!"

ನಾನು ಹೊದೆಸಿದ್ದೆ. ಪರದೆಯ ತುಂಡನ್ನು ನಾಲ್ಕು ಮೂಲೆಗೂ ಸಿಕ್ಕಿಸಿದ್ದು ನನ್ನ ಬೆರಳಿಗೆ ನೆನಪಿತ್ತು. ಆದರೆ ಅಪ್ಪ ಅಷ್ಟು ಖಡಾಖಂಡಿತವಾಗಿ ಹೇಳುವಾಗ ನೆನಪು ಅಳ್ಳಾಡತೊಡಗಿತು. ಸಹಾಯಕ್ಕೆ ಅಮ್ಮನ ಕಡೆ ನೋಡಿದೆ. ಅಮ್ಮ ಅಪ್ಪನನ್ನು ನೋಡಿ, ಅತ್ತೆಯನ್ನು ನೋಡಿ, ನನ್ನ ತಟ್ಟೆಗೆ ಇನ್ನೊಂದು ಹಿಡಿ ಅವಲಕ್ಕಿ ಹಾಕಿ, "ಸುಮ್ಮನಿರು" ಎಂದಳು. ಅನ್ಯಾಯ ಎಂದರೆ ಇದೇ ಎಂದು ನನಗೆ ಅಳು ಬಂತು. ಅವಲಕ್ಕಿ ಮಾತ್ರ ತಿಂದೆ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಮಂದಿರದಲ್ಲಿ ಭಜನೆ ಮುಗಿಸುವ ಮಂಗಳಕ್ಕೆ ಹೋದರು. ನಾನು ಮೆಲ್ಲಗೆ ಬಟ್ಟೆ ಸರಿಸಿ, ತಿದಿಯನ್ನು ಅರ್ಧ ಮಾತ್ರ ತೆರೆದು, ಮೊದಲ ಬಾರಿ ಆ ಹಾರ್ಮೋನಿಯಂನ ಮನೆಗಳನ್ನು ಒತ್ತಿದೆ. ಕೆಳಗಿನಿಂದ ಒಂದೊಂದಾಗಿ ಹೋದೆ. ಎಲ್ಲವೂ ನುಡಿದವು. ಮೇಲಿನ ಸಕ್ಕೆ ಬಂದೆ. ಅದು ಉಳಿದವುಗಳಿಗಿಂತಲೂ ಸ್ಪಷ್ಟವಾಗಿ, ಖಣಿಯಾಗಿ ನುಡಿಯಿತು. ತಪ್ಪು ಮನೆ ಒತ್ತಿದೆನೋ ಎಂದು ಲೆಕ್ಕ ಹಾಕಿ ಮತ್ತೆ ಒತ್ತಿದೆ, ಅದೇ. ಏನೂ ಆಗಿರಲಿಲ್ಲ ಅದಕ್ಕೆ. ಸುಳ್ಳು ಹೇಳಿದರೆ ಬಾಯಿಗೆ ಮೆಣಸು ಎಂದು ಹೇಳುವ ಅಪ್ಪ ಇಡೀ ಪೇಟೆಗೆ ಕೇಳುವ ಹಾಗೆ ಸುಳ್ಳು ಹೇಳಿದ್ದರು. ನನಗೆ ಕೋಪ ಬರಲಿಲ್ಲ, ಹೆದರಿಕೆ ಬಂತು. ನಾಳೆ ಬೆಳಿಗ್ಗೆ ಹಮೀದಾಕ ಬಂದು ಒತ್ತಿ ನೋಡುತ್ತಾರೆ. ಆಗ ಹಾರ್ಮೋನಿಯಂ ಸರಿ ಇದೆ ಎಂದು ಗೊತ್ತಾಗುತ್ತದೆ, ಹಾಗಾದರೆ ಹಾಳಾದದ್ದು ಲೀಲಕ್ಕನ ಗಂಟಲು ಎಂದು ಮಧ್ಯಾಹ್ನದೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆ. ಹಮೀದಾಕ ಕೆಟ್ಟವರಲ್ಲ, ಆದರೆ ಅವರ ಮೈಕಿನ ಬುದ್ಧಿ ಅವರಿಗೂ ಸ್ವಲ್ಪ ಇತ್ತು. ಅಪ್ಪನಿಗೂ ಅದೇ ಚಿಂತೆ ಇರಬೇಕು. ಮಂದಿರದಿಂದ ಬಂದವರು ಊಟ ಅರ್ಧಕ್ಕೆ ಬಿಟ್ಟೆದ್ದರು.

ಬೆಳಿಗ್ಗೆ ಹಮೀದಾಕ ಸ್ಕ್ರೂಡ್ರೈವರುಗಳ ಚೀಲ ಹಿಡಿದು ಬಂದೇ ಬಂದರು. ಅಪ್ಪ ಅವರನ್ನು ಅಂಗಡಿಯಲ್ಲೇ ಕೂರಿಸಿ ಹವೆಯ ಬಗ್ಗೆ, ಗಲ್ಫಿನಲ್ಲಿದ್ದ ಅವರ ತಮ್ಮನ ಬಗ್ಗೆ ಮಾತಾಡಿ ನೋಡಿದರು. ಅಪ್ಪ ಹವೆಯ ಬಗ್ಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹಮೀದಾಕ ನಡುಕೋಣೆಗೆ ಬಂದು ಟ್ರಂಕಿನ ಮುಂದೆ ಕೂತು, ತಿದಿ ಎಳೆದು, "ಯಾವುದು, ಇದಾ?" ಎಂದು ಮೇಲಿನ ಸ ಒತ್ತಿದರು.

ಉಸ್ ಎಂದಿತು. ಬರೀ ಗಾಳಿ. ಇನ್ನೊಮ್ಮೆ ಒತ್ತಿದರು. ಉಸ್.

"ಅಲ್ಲ ಟೈಲರ್ರೆ, ಇದು ಪೂರಾ ಹೋಗಿದೆಯಲ್ಲ! ಇದನ್ನು ನಾನು ಬಿಚ್ಚಿ ಇನ್ನಷ್ಟು ಹಾಳು ಮಾಡುದು ಬೇಡ. ಪುತ್ತೂರಿಗೇ ತಕೊಂಡು ಹೋಗಿ."

ಅಪ್ಪ ಗೋಡೆಗೆ ಒರಗಿದರು. ಅವರ ಮುಖದಲ್ಲಿದ್ದ ಬೆರಗು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ತಾನು ಹೇಳಿದ ಸುಳ್ಳು ಎದ್ದು ಬಂದು ಎದುರು ಕೂತರೆ ಯಾರಿಗಾದರೂ ಹಾಗೇ ಆಗಬೇಕು. ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ನಿನ್ನೆ ಸಂಜೆ ನುಡಿದದ್ದು ಇವತ್ತು ಹೇಗೆ ಸತ್ತಿತು? ಅಪ್ಪನೇ ಬೆಳಿಗ್ಗೆ ಎದ್ದು ಏನಾದರೂ ಮಾಡಿರಬೇಕು ಎಂದುಕೊಂಡೆ. ಆದರೆ ಮಾಡಿದವರ ಮುಖ ಹಾಗಿರುವುದಿಲ್ಲ. ಅಥವಾ ನಾನು ನಿನ್ನೆ ಒತ್ತಿದ್ದು ಬೇರೆ ಮನೆಯೋ? ನನ್ನ ಕಿವಿಗೇ ತಪ್ಪಾಗಿ ಕೇಳಿಸಿತೋ? ಲೀಲತ್ತೆ ಹಮೀದಾಕನಿಗೆ ಚಹಾ ತಂದಿಟ್ಟು, "ಸಕ್ರೆ ಸಾಕಾ ನೋಡಿ" ಎಂದು ಹೊಲಿಗೆಗೆ ಹೋಗಿ ಕೂತಳು.

ಪುತ್ತೂರಿಗೆ ಹಾರ್ಮೋನಿಯಂ ಹೊರಟಾಗ ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಬಸ್ಸಿನಲ್ಲಿ ಅದಕ್ಕೊಂದು ಸೀಟು, ನಾನು ಅಪ್ಪನ ತೊಡೆಯ ಮೇಲೆ. ರಿಪೇರಿಯವನು ಮುಚ್ಚಳ ತೆಗೆದು, ಹಲಗೆ ಬಿಚ್ಚಿ, ಚಿಮಟದಿಂದ ರೀಡಿನ ಸಂದಿಯೊಳಗಿಂದ ಏನನ್ನೋ ಎಳೆದು ಅಪ್ಪನ ಅಂಗೈ ಮೇಲಿಟ್ಟ. ನೂಲು. ಮೇಣ ಸವರಿದ, ಮೂರು ಎಳೆ ಸೇರಿಸಿ ಹೊಸೆದ ಕಪ್ಪು ನೂಲು. ನಮ್ಮ ಅಂಗಡಿಯಲ್ಲಿ ಗುಂಡಿ ಹೊಲಿಯುವುದು ಅಂಥ ನೂಲಿನಿಂದ. ಬೇರೆ ಯಾವ ತೊಂದರೆಯೂ ಇಲ್ಲ ಎಂದ ಅವನು. ಅಪ್ಪ ಆ ನೂಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಆಮೇಲೆ ಅಂಗಿಯ ಜೇಬಿಗೆ ಹಾಕಿಕೊಂಡರು. ನೂಲು ಹೊಕ್ಕಿದೆ ಎಂದು ಅಪ್ಪ ಬೈದದ್ದು, ನೂಲು ಹೊಕ್ಕೇ ಇತ್ತು. ಹಾಗಾದರೆ ನಾನು ಹೊದೆಸಿರಲಿಲ್ಲ. ಹಾಗಾದರೆ ಸಂಜೆ ಅದು ನುಡಿಯಲೂ ಇಲ್ಲ. ಹಾಗಾದರೆ ಅತ್ತೆಯ ಸ್ವರ ಸೀಳಿದ್ದೂ ನನ್ನ ಕಲ್ಪನೆ. ನನ್ನ ಬೆರಳು, ಕಿವಿ, ನೆನಪು ಮೂರೂ ಒಂದೇ ದಿನ ನನಗೆ ಮೋಸ ಮಾಡಿದ್ದವು.

ಬೈಗುಳಕ್ಕೆ ತಯಾರಾಗಿ ಬಸ್ಸು ಹತ್ತಿದೆ. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಅಪ್ಪ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಬಿಸಿ ಗೋಳಿಬಜೆ ತರಿಸಿ, ತಟ್ಟೆಯನ್ನು ಪೂರ್ತಿ ನನ್ನ ಕಡೆಗೇ ತಳ್ಳಿದರು.

"ಅಪ್ಪ, ನಾನು ಬಟ್ಟೆ ಹೊದೆಸಿದ್ದೆ."

"ಗೊತ್ತುಂಟು ಮಗಾ."

"ಮತ್ತೆ ನೂಲು?"

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. ಅಪ್ಪನ ಕೈ ನನ್ನ ತಲೆಗೆ ಬರುತ್ತಿದ್ದದ್ದು ಹಬ್ಬದ ದಿನ ಮಾತ್ರ, ಅದೂ ನಾನು ಕಾಲಿಗೆ ಬಿದ್ದರೆ. "ಆ ವಿಷಯ ಯಾರ ಹತ್ರವೂ ಮಾತಾಡುದು ಬೇಡ. ನನ್ನ ಹತ್ರವೂ ಬೇಡ. ತಿನ್ನು, ತಣಿತದೆ" ಎಂದರು. ಅವರ ಕಣ್ಣು ನೋಡಿ ನನಗೆ ಇನ್ನಷ್ಟು ಗಲಿಬಿಲಿಯಾಯಿತು. ತಪ್ಪಿಲ್ಲದಾಗ ಬೈದವರು ತಪ್ಪು ಸಾಬೀತಾದ ಮೇಲೆ ಗೋಳಿಬಜೆ ಕೊಡಿಸುತ್ತಿದ್ದಾರೆ. ಇದು ಯಾವ ಕಾನೂನು?

ಅಲ್ಲಿಂದ ಮನೆಯೇ ಬದಲಾಯಿತು. ಮರುವಾರ ಅಪ್ಪ ನನ್ನನ್ನು ಕರೆದು ಹಾರ್ಮೋನಿಯಂನ ಮುಂದೆ ಕೂರಿಸಿ, ನನ್ನ ಬೆರಳುಗಳನ್ನು ಒಂದೊಂದೇ ಮನೆಯ ಮೇಲಿಟ್ಟರು. ಅಮ್ಮ ಬಾಗಿಲಲ್ಲಿ ನಿಂತು, "ಸೂರ್ಯ ಎಲ್ಲಿ ಹುಟ್ಟಿದ ಇವತ್ತು?" ಎಂದಳು. ನಾನು ತಪ್ಪಿದರೆ ಅಪ್ಪ ಈಗಲೂ ನಿಲ್ಲಿಸುತ್ತಿದ್ದರು, ಆದರೆ "ಬಿಚ್ಚು" ಎನ್ನುವಾಗ ಬಾಯಿಯ ತುದಿಯಲ್ಲಿ ಒಂದು ನಗು. ಅತ್ತೆಗೆ ಬಿಳಿ ನಾಲ್ಕರಲ್ಲಿ ನುಡಿಸಿದರು. ರಿಪೇರಿಯಾದ ಹಾರ್ಮೋನಿಯಂ ಪಳಗುವವರೆಗೆ ಕೆಳಗಿನ ಶ್ರುತಿಯೇ ಇರಲಿ ಎಂದು ಇನ್ನೊಂದು ಸುಳ್ಳು. ಅತ್ತೆ ಒಪ್ಪಿದಳು. ಆ ಶ್ರುತಿಯಲ್ಲಿ ಅವಳ ಸ್ವರಕ್ಕೆ ಬೇರೆಯೇ ಒಂದು ತೂಕ ಬಂತು, ಎಷ್ಟೋ ಏಕಾಹಗಳಲ್ಲಿ ಭಜನೆಯ ಲೀಲಕ್ಕನಾಗಿಯೇ ಹಾಡಿದಳು. ಕಪ್ಪು ನಾಲ್ಕಕ್ಕೆ ಯಾರೂ ಮರಳಲಿಲ್ಲ, ಯಾರೂ ಅದನ್ನು ಕೇಳಲೂ ಇಲ್ಲ. ಅಪ್ಪ ಅಂದು ಹಿಡಿಸಿದ ಹಾರ್ಮೋನಿಯಂ ನನ್ನ ಅನ್ನವಾಯಿತು. ಪುತ್ತೂರಿನಲ್ಲಿ ಮನೆ ಮಾಡಿ ಮಕ್ಕಳಿಗೆ ಸಂಗೀತ ಹೇಳಿಕೊಟ್ಟೆ, ಸುಳ್ಯದಿಂದ ಕಡಬದವರೆಗೆ ಹಾಡುವವರಿಗೆಲ್ಲ ಸಾಥ್ ಕೊಟ್ಟೆ. ಕಾರ್ಯಕ್ರಮಕ್ಕೆ ಮೊದಲು ಪ್ರತಿಯೊಂದು ಮನೆಯನ್ನೂ ಒತ್ತಿ ನೋಡುತ್ತೇನೆ, ಸರಿಯಾಗಿ ನುಡಿದ ಮೇಲೂ ಇನ್ನೊಮ್ಮೆ ಒತ್ತುತ್ತೇನೆ. ತಬಲದವರು ಗೇಲಿ ಮಾಡುತ್ತಾರೆ. ನನ್ನ ಕಿವಿಯನ್ನು ನಾನು ನಂಬುವುದಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಅಪ್ಪ ಹೋಗುವವರೆಗೂ ನೂಲಿನ ವಿಷಯ ನಾನು ಎತ್ತಲಿಲ್ಲ. ಬೇಡ ಎಂದಿದ್ದರಲ್ಲ.

ಲೀಲತ್ತೆ ಈಗ ನನ್ನ ಮನೆಯಲ್ಲೇ ಇದ್ದಾಳೆ. ಕಣ್ಣು ಮಂಜು, ಕಿವಿ ಮಾತ್ರ ಬೆಕ್ಕಿನದ್ದು. ಈಚೆಗೆ ಸುಳ್ಯದಲ್ಲಿ ನನ್ನ ಶಿಷ್ಯೆಯೊಬ್ಬಳ ಹಾಡು. ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಹುಡುಗಿ ಹೆದರಿಕೆಯಿಂದ ಮೇಲಿನ ಸ್ವರದಲ್ಲಿ ಜಾರಿದಳು, ಅಳುವುದೊಂದು ಬಾಕಿ. ನಾನು ಕೈಯೆತ್ತಿ, ಮೈಕಿನ ವಯರು ಎಳೆದು, "ಮೈಕು ತೊಂದರೆ ಕೊಡ್ತಾ ಉಂಟು, ಸ್ವಲ್ಪ ನೋಡಿ" ಎಂದು ಮೈಕಿನವನಿಗೆ ಹೇಳಿದೆ. ಅವನು ಬಂದು ಏನೂ ಕಾಣದೆ ತಿರುಗಿಸಿ ಹೋಗುವಷ್ಟರಲ್ಲಿ ಹುಡುಗಿ ನೀರು ಕುಡಿದು ಸುಧಾರಿಸಿಕೊಂಡಳು. ಮರುದಿನ ಬೆಳಿಗ್ಗೆ ಗಂಜಿ ಉಣ್ಣುತ್ತಾ ಅತ್ತೆ ಒಬ್ಬಳೇ ನಗಾಡತೊಡಗಿದಳು.

"ಎಂತ ನಗುದು?"

"ನಿನ್ನ ಅಪ್ಪನದ್ದೇ ಬುದ್ಧಿ ನಿನಗೆ. ಮೈಕಿಗೆ ಎಂತ ಆಗಿತ್ತು ಮಾರಾಯ್ತಿ? ಆ ಸರ್ತಿ ಹಾರ್ಮೋನಿಯಂಗೆ ಆದದ್ದೇ ಅಲ್ವಾ?"

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಹಾರ್ಮೋನಿಯಂನಲ್ಲಿ ನೂಲಿತ್ತು, ಅತ್ತೆ. ನಾನೇ ಕಂಡಿದ್ದೇನೆ."

"ಇತ್ತು. ಹಾಕಿದ್ದು ನಾನಲ್ವಾ?"

ಅವಳು ಗಂಜಿಗೆ ಉಪ್ಪು ಸಾಲದೆಂದು ಗೊಣಗುತ್ತಾ ನಿಧಾನಕ್ಕೆ ಹೇಳಿದಳು. ಮಂದಿರದಲ್ಲಿ ಅಪ್ಪ ಹೇಳಿದ್ದನ್ನು ಅವಳು ನಂಬಿದ್ದಳಂತೆ. ಹಾರ್ಮೋನಿಯಂ ದಿಕ್ಕು ತಪ್ಪಿಸಿದ್ದರಿಂದ ತನ್ನ ಸ್ವರ ಜಾರಿತು ಎಂದು ಖುಷಿಯಲ್ಲೇ ಮನೆಗೆ ಬಂದಿದ್ದಳು. ದೀಪ ಹಚ್ಚುವ ಹೊತ್ತಿಗೆ ನಾನು ಒತ್ತಿದ ಮೇಲಿನ ಸ ಅವಳಿಗೆ ಅಡುಗೆಮನೆಯವರೆಗೂ ಕೇಳಿಸಿತು. ಖಣಿಯಾಗಿ ಕೇಳಿಸಿತು.

"ಅಲ್ಲಿಗೆ ಗೊತ್ತಾಯ್ತು, ಹೋದದ್ದು ನನ್ನದೇ ಅಂತ. ಒಲೆ ಎದುರು ಕೂತು ಕಣ್ಣೀರು ಹಾಕಿ ಸ್ವಲ್ಪ ಕೂಗಿದೆ. ಮತ್ತೆ ಹಮೀದನ ನೆನಪಾಯ್ತು. ಅವ ಬಂದು ಒತ್ತಿದ್ರೆ ನಿನ್ನ ಅಪ್ಪ ಶೇಖರನ ಮಾನ ಎಲ್ಲಿ ಉಳೀತದೆ? ಬೆಳಿಗ್ಗೆ ಕಷಾಯಕ್ಕೆ ಎದ್ದವಳು ಮುಚ್ಚಳ ತೆಗ್ದು, ಆ ಮನೆಯನ್ನು ಒತ್ತಿ ಹಿಡಿದು, ತೂತಿನೊಳಗೆ ಗುಂಡಿಯ ನೂಲು ಸೂಜಿಯಲ್ಲಿ ತುರುಕಿದೆ."

"ಅಪ್ಪನಿಗೆ ಹೇಳ್ಲಿಲ್ವಾ?"

"ಹೇಗೆ ಹೇಳುದು? ಹೇಳಿದ್ರೆ ನನ್ನ ಸ್ವರ ಹೋದದ್ದು ನನಗೆ ಗೊತ್ತುಂಟು ಅಂತ ಅವನಿಗೆ ಗೊತ್ತಾಗ್ತದೆ. ಮತ್ತೆ ಅವ ಅಷ್ಟು ಜನರ ಎದುರಲ್ಲಿ ಸುಳ್ಳು ಹೇಳಿದ್ದು ಎಂತಕ್ಕೆ?" ಅತ್ತೆ ಬಟ್ಟಲಿನಲ್ಲಿ ಬೆರಳಾಡಿಸಿದಳು, ನೂಲು ಹುಡುಕುವ ಹಳೆಯ ಅಭ್ಯಾಸ. "ಅವ ನೀನು ಮಾಡಿದ್ದು ಅಂತ ತಿಳ್ಕೊಂಡಿದ್ದ. ನಿನ್ನ ಮದುವೆಯ ದಿನ ಚಪ್ಪರದ ಮೂಲೆಯಲ್ಲಿ ನಿಂತು ನನ್ನ ಹತ್ರ ಹೇಳಿದ. 'ಅಕ್ಕಾ, ಇವಳು ಸಣ್ಣದಿರುವಾಗ ನನ್ನ ಮಾತು ಉಳಿಸಿದವಳು. ಯಾರಿಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ' ಅಂತ. ಕಣ್ಣಲ್ಲಿ ನೀರು. 'ಹೌದಾ ಮಾರಾಯ' ಅಂತ ಕೇಳಿದೆ."

ಉಪ್ಪಿನಂಗಡಿಯ ಗೋಳಿಬಜೆ, ತಲೆಯ ಮೇಲೆ ಬಂದ ಕೈ, ನನ್ನ ಬೆರಳನ್ನು ಹಿಡಿದು ಮನೆಯ ಮೇಲಿಟ್ಟ ಬೆರಳು, ಆ ಬಾಯಿ ತುದಿಯ ನಗು ಎಲ್ಲ ಒಮ್ಮೆಲೇ ಬಂದು ಎದುರು ನಿಂತವು. ಹಾಗಾದರೆ ಅವೆಲ್ಲ ನನಗೆ ಸಲ್ಲಬೇಕಾದವೇ ಅಲ್ಲವೋ? ನನಗೆ ಸಿಟ್ಟು ಬಂತು, ಅತ್ತೆಯ ಮೇಲೋ ಅಪ್ಪನ ಮೇಲೋ ಗೊತ್ತಾಗಲಿಲ್ಲ. ಆ ಸಿಟ್ಟಿನ ನಡುವೆಯೇ, ಅಂದು ಸಂಜೆ ನನ್ನ ಕಿವಿ ಕೇಳಿದ್ದು ಸರಿ ಎಂದು ಹೊಳೆದು ಅಳು ಬಂತು.

"ಹಾಗಾದ್ರೆ ಅಪ್ಪ ನನಗೆ ಹಾರ್ಮೋನಿಯಂ ಕಲಿಸಿದ್ದು ನಿನ್ನ ಲೆಕ್ಕದಲ್ಲಾ?"

"ನಿನ್ನ ಲೆಕ್ಕದಲ್ಲೇ" ಎಂದಳು ಅತ್ತೆ. "ಬೈಗುಳ ತಿಂದದ್ದು ನೀನಲ್ವಾ? ಹೋಗು, ಆ ಮೇಲಿನ ಸ ಒಮ್ಮೆ ಒತ್ತು, ಕೇಳುವಾ."

ಕೈ ತೊಳೆದು ಅಪ್ಪನ ಹಾರ್ಮೋನಿಯಂನ ಮುಂದೆ ಕೂತೆ. ಹೊದೆಸಿದ ಬಟ್ಟೆ ತೆಗೆದು, ತಿದಿ ಎಳೆದು ಒತ್ತಿದೆ. ಖಣಿಯಾಗಿ ನುಡಿಯಿತು. ಅತ್ತೆ ಕಣ್ಣು ಮುಚ್ಚಿ ತಲೆದೂಗಿದಳು. ನಾನು ಇನ್ನೊಮ್ಮೆ ಒತ್ತಿ ನೋಡಿದೆ.